ಡ್ಯಾನೆಮೋರಾದ ಆರನೇ ಕಂತು

ಜೈಲಿನಿಂದ ಕೈದಿಗಳು ತಪ್ಪಿಸಿಕೊಳ್ಳುವ ಕಥೆ ನೋಡುವಾಗ ನಾವು ಯಾರ ಕಡೆ ಇರುತ್ತೇವೆ? ಸ್ವಲ್ಪ ನೆನಪು ಮಾಡಿಕೊಳ್ಳಿ. ಓಡುವವನ ಕಡೆಗೇ ಅಲ್ವಾ? ಕಾವಲಿನವನು ಟಾರ್ಚ್ ಹಿಡಿದು ಬಂದರೆ ನಮ್ಮ ಎದೆ ಡವಡವ ಅನ್ನುತ್ತದೆ. ಬೇಗ ಬೇಗ, ಬಗ್ಗಿಕೋ, ಉಸಿರು ಹಿಡಿದುಕೋ ಅಂತ ಮನಸ್ಸಿನಲ್ಲೇ ಹೇಳುತ್ತಿರುತ್ತೇವೆ. ಅವನು ಏನು ಮಾಡಿ ಒಳಗೆ ಬಂದ ಅನ್ನುವುದು ಆ ಹೊತ್ತಿಗೆ ನಮಗೆ ಬೇಡವಾಗಿರುತ್ತದೆ. ಇಂಥ ಕಥೆ ಬರೆಯುವವರಿಗೂ ಇದು ಚೆನ್ನಾಗಿ ಗೊತ್ತು. ಅದಕ್ಕೇ ಜಾಸ್ತಿ ಕಥೆಗಳಲ್ಲಿ ಒಳಗಿರುವವನು ನಿರಪರಾಧಿ. ಯಾರೋ ಮೋಸ ಮಾಡಿ ಸಿಕ್ಕಿಸಿದ್ದಾರೆ, ಅವನು ಹೊರಗೆ ಬಂದರೆ ನ್ಯಾಯ ಗೆದ್ದ ಹಾಗೆ. ನಮಗೂ ನಿರಾಳ.

ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವ ಧಾರಾವಾಹಿಯಲ್ಲಿ ಆ ನಿರಾಳ ಇಲ್ಲ. ಹೆಸರು 'ಎಸ್ಕೇಪ್ ಅಟ್ ಡ್ಯಾನೆಮೋರಾ'. 2018ರ ನವೆಂಬರ್‌ನಲ್ಲಿ ಅಮೆರಿಕದ ಶೋಟೈಮ್ ಚಾನೆಲ್‌ನಲ್ಲಿ ಶುರುವಾಯಿತು. ಒಟ್ಟು ಏಳು ಕಂತು, ಏಳನ್ನೂ ನಿರ್ದೇಶಿಸಿದ್ದು ಬೆನ್ ಸ್ಟಿಲ್ಲರ್. ಹೌದು, ನಾವು ಹಾಸ್ಯ ಸಿನಿಮಾಗಳಲ್ಲಿ ನೋಡಿದ ಅದೇ ನಟ. ಬರೆದವರು ಬ್ರೆಟ್ ಜಾನ್ಸನ್ ಮತ್ತು ಮೈಕೆಲ್ ಟೋಲ್ಕಿನ್. ಏಳು ಕಂತಿನ ಬಗ್ಗೆಯೂ ಹೇಳುತ್ತಾ ಕೂತರೆ ಸಂಜೆ ಮುಗಿಯುತ್ತದೆ. ನನಗೆ ಮುಖ್ಯವಾಗಿ ಬೇಕಿರುವುದು ಆರನೆಯದು. ಆದರೆ ನೋಡಿದವರು ಕೈ ಎತ್ತಿ ಅಂದಾಗ ಎದ್ದ ಕೈಗಳು ಕಡಿಮೆ. ಹಾಗಾಗಿ ಮೊದಲು ಕಥೆ ಹೇಳಿಬಿಡುತ್ತೇನೆ.

ಇದು ನಡೆದ ಘಟನೆ. ನ್ಯೂಯಾರ್ಕ್ ಅಂದರೆ ನಮಗೆ ತಕ್ಷಣ ಕಣ್ಣ ಮುಂದೆ ಬರುವುದು ಆ ನಗರ, ಆ ಎತ್ತರದ ಕಟ್ಟಡಗಳು. ಆದರೆ ನ್ಯೂಯಾರ್ಕ್ ರಾಜ್ಯ ಉತ್ತರಕ್ಕೆ ಕೆನಡಾ ಗಡಿಯವರೆಗೂ ಹೋಗುತ್ತದೆ. ಅಲ್ಲಿ ಕಾಡು, ಬೆಟ್ಟ, ವರ್ಷದಲ್ಲಿ ಅರ್ಧ ಭಾಗ ಚಳಿ. ಆ ಮೂಲೆಯಲ್ಲಿ ಡ್ಯಾನೆಮೋರಾ ಅನ್ನುವ ಪುಟ್ಟ ಊರು. ಊರಿನ ಮುಖ್ಯ ರಸ್ತೆಯ ಪಕ್ಕಕ್ಕೇ ಜೈಲಿನ ಗೋಡೆ. ಒಂದು ಕಡೆ ಮನೆ, ಅಂಗಡಿ. ಇನ್ನೊಂದು ಕಡೆ ಉದ್ದಕ್ಕೂ ಕಾಂಕ್ರೀಟ್ ಗೋಡೆ. ಅಧಿಕೃತ ಹೆಸರು ಕ್ಲಿಂಟನ್ ಕರೆಕ್ಷನಲ್ ಫೆಸಿಲಿಟಿ. 1845ರಲ್ಲಿ ಶುರುವಾದ ಜೈಲು. ಆ ಚಳಿಗೆ ಅದನ್ನು 'ಪುಟ್ಟ ಸೈಬೀರಿಯಾ' ಅಂತಲೂ ಕರೆಯುತ್ತಾರೆ. ಆ ಊರಿನಲ್ಲಿ ಕೆಲಸ ಅಂದರೆ ಜೈಲಿನ ಕೆಲಸವೇ. ಅಪ್ಪ ಅಲ್ಲೇ, ಚಿಕ್ಕಪ್ಪ ಅಲ್ಲೇ, ಪಕ್ಕದ ಮನೆಯವರೂ ಅಲ್ಲೇ. ಧಾರಾವಾಹಿಯವರು ಆ ಊರಿಗೇ ಹೋಗಿ ಶೂಟಿಂಗ್ ಮಾಡಿದರು. ನೋಡುವಾಗ ಹಿಮ ಕರಗಿದ ಕೆಸರು, ಮಂಕು ಬೆಳಕು, ಊರಿನವರ ಸುಸ್ತು ಎಲ್ಲ ಗೊತ್ತಾಗುತ್ತದೆ.

2015ರ ಜೂನ್ 6ರ ಬೆಳಗಿನ ಜಾವ ಎಣಿಕೆಗೆ ಬಂದವರಿಗೆ ಎರಡು ಹಾಸಿಗೆಯಲ್ಲಿ ಬಟ್ಟೆ ತುರುಕಿ ಮಾಡಿದ ಗೊಂಬೆ ಸಿಕ್ಕಿತು. ಅಕ್ಕಪಕ್ಕದ ಸೆಲ್‌ನಲ್ಲಿದ್ದ ರಿಚರ್ಡ್ ಮ್ಯಾಟ್ ಮತ್ತು ಡೇವಿಡ್ ಸ್ವೆಟ್ ಇಬ್ಬರೂ ಇಲ್ಲ. ಇಬ್ಬರೂ ಕೊಲೆ ಮಾಡಿ ಬಂದವರು. ಮ್ಯಾಟ್‌ಗೆ ಕನಿಷ್ಠ 25 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ, ಸ್ವೆಟ್‌ಗೆ ಪೆರೋಲ್ ಇಲ್ಲದ ಜೀವಾವಧಿ. ಇಬ್ಬರೂ ಜೈಲಿನ ಟೈಲರ್ ಶಾಪ್‌ನಲ್ಲಿ, ಅಂದರೆ ಬಟ್ಟೆ ಹೊಲಿಯುವ ವಿಭಾಗದಲ್ಲಿ ಕೆಲಸ ಮಾಡಿದವರು. ಅಲ್ಲಿ ಮೇಲ್ವಿಚಾರಕಿಯಾಗಿದ್ದವಳು ಜಾಯ್ಸ್ ಮಿಚೆಲ್. ಎಲ್ಲರೂ ಟಿಲ್ಲಿ ಅನ್ನುತ್ತಿದ್ದರು. ಅವಳ ಗಂಡ ಲೈಲ್ ಕೂಡ ಅದೇ ಜೈಲಿನ ನೌಕರ. ಟಿಲ್ಲಿ ಗರಗಸದ ಬ್ಲೇಡುಗಳನ್ನು ಮಾಂಸದ ಖೀಮಾದೊಳಗೆ ಬಚ್ಚಿಟ್ಟು ತಂದಳು. ಜೀನ್ ಪಾಮರ್ ಅನ್ನುವ ಅಧಿಕಾರಿ ಆ ಮಾಂಸವನ್ನು ಮೆಟಲ್ ಡಿಟೆಕ್ಟರ್‌ಗೆ ಹಾಕದೆ ಮ್ಯಾಟ್ ಕೈಗೆ ತಲುಪಿಸಿದ. ಒಳಗೆ ಬ್ಲೇಡ್ ಇದ್ದದ್ದು ತನಗೆ ಗೊತ್ತಿರಲಿಲ್ಲ ಅಂತ ಆಮೇಲೆ ಹೇಳಿದ. ಹೊರಬಂದ ರಾತ್ರಿ ಟಿಲ್ಲಿ ಕಾರು ತೆಗೆದುಕೊಂಡು ಬರಬೇಕಿತ್ತು. ಅವಳು ಬರಲಿಲ್ಲ. ಎದೆ ಹಿಡಿದುಕೊಂಡಂತಾಗಿ ಆಸ್ಪತ್ರೆಗೆ ಸೇರಿದಳು. ಅವರಿಬ್ಬರೂ ನಡೆದುಕೊಂಡೇ ಕಾಡಿಗೆ ಹೋದರು.

ಇನ್ನು ಧಾರಾವಾಹಿಗೆ ಬರೋಣ. ಮ್ಯಾಟ್ ಪಾತ್ರದಲ್ಲಿ ಬೆನಿಸಿಯೊ ಡೆಲ್ ಟೊರೊ, ಸ್ವೆಟ್ ಆಗಿ ಪಾಲ್ ಡ್ಯಾನೊ, ಟಿಲ್ಲಿಯಾಗಿ ಪೆಟ್ರೀಷಿಯಾ ಆರ್ಕೆಟ್. ಮೊದಲ ಐದು ಕಂತಿನಲ್ಲಿ ನಮಗೆ ಕಾಣುವ ಮ್ಯಾಟ್ ಯಾರು? ಚಿತ್ರಗಾರ. ಕ್ಯಾನ್ವಾಸ್ ಮೇಲೆ ಮುಖಗಳನ್ನು ಬರೆಯುವವನು. ಮಾತು ಕಡಿಮೆ, ನಡೆ ನಿಧಾನ. ಜೈಲಿನಲ್ಲಿ ಯಾರಿಗೆ ಏನು ಬೇಕು ಅಂತ ಗೊತ್ತಿರುವವನು. ಅಪಾಯದ ಮನುಷ್ಯ ಅಂತ ವಾಸನೆ ಬರುತ್ತದೆ, ಆದರೂ ಅವನ ಜತೆ ಕೂತು ಮಾತಾಡಬಹುದು ಅನ್ನಿಸುತ್ತದೆ. ಸ್ವೆಟ್ ಇನ್ನೂ ಮೆತ್ತಗೆ. ಹುಡುಗನ ಹಾಗೆ ಕಾಣುತ್ತಾನೆ. ಕೆಲಸದಲ್ಲಿ ಅಚ್ಚುಕಟ್ಟು.

ಆ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸೆಲ್‌ನ ಹಿಂದಿನ ಗೋಡೆ ಉಕ್ಕಿನ ಹಾಳೆ. ಅದನ್ನು ಬ್ಲೇಡಿನಿಂದ ಕೈಯಲ್ಲೇ ಕೊಯ್ಯಬೇಕು. ಶಬ್ದ ಬರಬಾರದು. ಅಲ್ಲಿಂದ ಹಿಂದಿನ ಕಿರಿದಾದ ಓಣಿ. ಅಲ್ಲಿಂದ ಮಹಡಿ ಮಹಡಿ ಕೆಳಗಿಳಿದರೆ ಸುರಂಗ, ಕೊಳವೆಗಳು, ಇಟ್ಟಿಗೆ ಗೋಡೆ. ಕೊನೆಗೆ ಸಿಗುವುದು 24 ಇಂಚಿನ ಹಬೆ ಕೊಳವೆ. ಚಳಿಗಾಲದಲ್ಲಿ ಇಡೀ ಜೈಲನ್ನು ಬೆಚ್ಚಗಿಡಲು ಬಿಸಿ ಹಬೆ ಹೋಗುವ ಕೊಳವೆ ಅದು. ಬಿಸಿ ಇರುವಾಗ ಹತ್ತಿರ ಹೋಗುವುದೂ ಕಷ್ಟ. ಮೇ ತಿಂಗಳಲ್ಲಿ ಚಳಿ ಕಳೆದು ಹಬೆ ನಿಲ್ಲಿಸಿದರು. ಕೊಳವೆ ತಣ್ಣಗಾಯಿತು. ಸ್ವೆಟ್‌ಗೆ ದಾರಿ ಸಿಕ್ಕಿತು. ಕೊಳವೆಯಲ್ಲಿ ಒಳಹೋಗಲು ಒಂದು ಕಿಂಡಿ ಕೊಯ್ದ, ಗೋಡೆಯಾಚೆ ಹೊರಬರಲು ಇನ್ನೊಂದು. ಮುಂದೆ ಬೀದಿಯ ಮ್ಯಾನ್‌ಹೋಲ್. ಇದೆಲ್ಲ ಒಂದು ರಾತ್ರಿಯ ಕೆಲಸವಲ್ಲ. ಚಳಿಗಾಲದಿಂದ ಜೂನ್‌ವರೆಗೆ ರಾತ್ರಿ ಹೊತ್ತು ಇಳಿದು, ಕೆಲಸ ಮಾಡಿ, ಬೆಳಗಿನ ಎಣಿಕೆಗೆ ಮುಂಚೆ ವಾಪಸ್ ಬಂದು ಮಲಗುತ್ತಿದ್ದ.

ಐದನೇ ಕಂತು ಶುರುವಾಗುವುದೇ ಈ ದಾರಿಯಿಂದ. ಸ್ವೆಟ್ ತನ್ನ ಸೆಲ್‌ನಿಂದ ಹೊರಟು ಮ್ಯಾನ್‌ಹೋಲ್‌ವರೆಗೆ ಹೋಗುವುದನ್ನು ಕ್ಯಾಮೆರಾ ಹಿಂದೆಯೇ ಹೋಗಿ ತೋರಿಸುತ್ತದೆ. ಒಂಬತ್ತು ನಿಮಿಷದ ಆಸುಪಾಸು, ಎಲ್ಲೂ ಕತ್ತರಿ ಬಿದ್ದಿಲ್ಲವೇನೋ ಅನ್ನುವ ಹಾಗೆ. ಮಾತಿಲ್ಲ. ಅವನು ಬಗ್ಗಿದರೆ ಕ್ಯಾಮೆರಾ ಬಗ್ಗುತ್ತದೆ, ಅವನು ತೆವಳಿದರೆ ಅದೂ ತೆವಳುತ್ತದೆ. ಅವನು ಎಷ್ಟು ಸಲ ಈ ದಾರಿಯಲ್ಲಿ ಓಡಾಡಿದ್ದಾನೆ ಅಂತ ಅವನ ಕೈಕಾಲು ಇಡುವ ರೀತಿಯಲ್ಲೇ ಗೊತ್ತಾಗುತ್ತದೆ. ಕೊನೆಗೆ ಅವನು ಮುಚ್ಚಳ ಎತ್ತಿ ಹೊರಗಿನ ಬೀದಿ ನೋಡುವಾಗ ನನಗೆ ಎಂಥ ಖುಷಿ ಆಯಿತು ಅಂದರೆ, ಆ ಖುಷಿಯನ್ನು ನಾನು ಇವತ್ತು ನಿಮ್ಮ ಮುಂದೆ ಪ್ರಶ್ನೆಯಾಗಿ ಇಡಬೇಕು. ಅಲ್ಲಿ ಕಂಡದ್ದು ಶ್ರಮ, ತಾಳ್ಮೆ, ಕೈಚಳಕ. ಶ್ರಮಪಟ್ಟವನಿಗೆ ಫಲ ಸಿಗಲಿ ಅನ್ನುವುದು ನಮ್ಮೊಳಗೆ ಆಳವಾಗಿ ಕೂತಿರುವ ಮಾತು. ಕ್ಯಾಮೆರಾ ಆ ತಂತಿಯನ್ನೇ ಮೀಟುತ್ತದೆ.

ಈಗ ಆರನೇ ಕಂತು. ಓಟದ ಕಥೆಗೆ ಕಾವು ಬಂದಿರುವ ಹೊತ್ತಿನಲ್ಲಿ, ಮುಂದೇನು ಅಂತ ನಾವು ಕಾಯುತ್ತಿರುವಾಗ, ಕಥೆ ಮುಂದಕ್ಕೆ ಹೋಗುವುದನ್ನು ಬಿಟ್ಟು ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ. ಜೈಲು ಇಲ್ಲ. ಈ ಮೂವರೂ ಇಲ್ಲಿಗೆ ಬರುವ ಮುಂಚೆ ಎಲ್ಲಿದ್ದರು, ಏನು ಮಾಡಿದರು ಅನ್ನುವುದಷ್ಟೇ.

ಸ್ವೆಟ್ ಕಥೆ 2002ರ ಜುಲೈ 4ರದ್ದು. ಅಮೆರಿಕದ ಸ್ವಾತಂತ್ರ್ಯ ದಿನ, ಆದರೆ ಇನ್ನೂ ಬೆಳಕು ಹರಿದಿಲ್ಲ. ಅವನು ಮತ್ತು ಜತೆಗಾರರು ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಬಂದೂಕಿನ ಅಂಗಡಿಗೆ ಕನ್ನ ಹಾಕಿ, ನ್ಯೂಯಾರ್ಕ್ ಗಡಿಯೊಳಗೆ ಬಂದು, ಕಿರ್ಕ್‌ವುಡ್ ಅನ್ನುವಲ್ಲಿ ಒಂದು ಪಾರ್ಕಿನಲ್ಲಿ ಗಾಡಿಗಳನ್ನು ನಿಲ್ಲಿಸಿಕೊಂಡಿದ್ದರು. ಕದ್ದ ಮಾಲನ್ನು ಒಂದು ಗಾಡಿಯಿಂದ ಇನ್ನೊಂದಕ್ಕೆ ಹಾಕುತ್ತಿದ್ದರು. ಬ್ರೂಮ್ ಕೌಂಟಿಯ ಡೆಪ್ಯುಟಿ, ಅಂದರೆ ಅಲ್ಲಿನ ಪೊಲೀಸ್ ಅಧಿಕಾರಿ, ಕೆವಿನ್ ಟಾರ್ಸಿಯಾ ರಾತ್ರಿ ಪಾಳಿಯಲ್ಲಿದ್ದರು. ವಯಸ್ಸು 36. ಕತ್ತಲಲ್ಲಿ ಗಾಡಿ ನಿಂತಿದೆಯಲ್ಲ ಅಂತ ನೋಡಲು ಬಂದರು. ಅವರ ಕೆಲಸವೇ ಅದು. ಅವರ ಮೇಲೆ ಗುಂಡಿನ ಮೇಲೆ ಗುಂಡು ಹಾರಿಸಿದರು. ಬಿದ್ದವರ ಮೇಲೆ ಸ್ವೆಟ್ ಕಾರು ಹರಿಸಿದ. ಇನ್ನೂ ಜೀವ ಇರುವಾಗ, ಅವರದೇ ಪಿಸ್ತೂಲು ತೆಗೆದು ಜತೆಗಾರ ಮತ್ತೆ ಹೊಡೆದ.

ಐದು ಕಂತಿನ ಉದ್ದಕ್ಕೂ ಕೊಳವೆಯಲ್ಲಿ ತೆವಳಿದ ಆ ಮೆತ್ತನೆಯ ಹುಡುಗ ಇವನೇ. ಪಾಲ್ ಡ್ಯಾನೊ ಇಲ್ಲಿ ಬೇರೆ ಮನುಷ್ಯನಾಗುವುದಿಲ್ಲ, ಅದೇ ಮುಖ, ಅದೇ ಅಚ್ಚುಕಟ್ಟು. ಅದಕ್ಕೇ ನೋಡುವುದು ಅಷ್ಟು ಕಷ್ಟ.

ಮ್ಯಾಟ್ ಕಥೆ 1997ರ ಡಿಸೆಂಬರ್. ನಯಾಗರಾ ಹತ್ತಿರದ ನಾರ್ತ್ ಟೋನವಾಂಡಾ. ವಿಲಿಯಂ ರಿಕರ್ಸನ್ ಅನ್ನುವ 76 ವರ್ಷದ ವ್ಯಾಪಾರಿ. ಆಹಾರ ಪದಾರ್ಥಗಳ ಸಗಟು ವ್ಯಾಪಾರ. ಮ್ಯಾಟ್ ಒಂದು ಕಾಲದಲ್ಲಿ ಅವರ ಹತ್ತಿರವೇ ಕೆಲಸಕ್ಕಿದ್ದ. ಮುದುಕ ಎಲ್ಲೋ ದುಡ್ಡು ಬಚ್ಚಿಟ್ಟಿದ್ದಾನೆ ಅಂತ ಅವನ ತಲೆಯಲ್ಲಿ. ಒಬ್ಬ ಜತೆಗಾರನನ್ನು ಕರೆದುಕೊಂಡು ಮನೆಗೆ ನುಗ್ಗಿ, ಹೊಡೆದು, ಕಟ್ಟಿ, ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಹೊರಟರು. ಚಳಿಗಾಲ. ಒಂದು ದಿನಕ್ಕೂ ಜಾಸ್ತಿ ಹೊತ್ತು, ಒಹಾಯೊವರೆಗೆ ಹೋಗಿ ಮತ್ತೆ ವಾಪಸ್. ನಡುನಡುವೆ ಡಿಕ್ಕಿ ತೆಗೆದು ದುಡ್ಡು ಎಲ್ಲಿ ಅಂತ ಕೇಳುವುದು, ಹೊಡೆಯುವುದು, ಮತ್ತೆ ಮುಚ್ಚುವುದು. ಕೊನೆಗೆ ಮ್ಯಾಟ್ ಅವರನ್ನು ಕೈಯಲ್ಲೇ ಕತ್ತು ಮುರಿದು ಕೊಂದ. ದೇಹವನ್ನು ತುಂಡು ಮಾಡಿ ನದಿಗೆ ಹಾಕಿದ. ಆಮೇಲೆ ಮೆಕ್ಸಿಕೊಗೆ ಓಡಿಹೋಗಿ ಅಲ್ಲೂ ಒಬ್ಬನನ್ನು ಕೊಂದು ಅಲ್ಲಿನ ಜೈಲಿನಲ್ಲಿದ್ದ. 2007ರಲ್ಲಿ ಅವನನ್ನು ಅಮೆರಿಕಕ್ಕೆ ಒಪ್ಪಿಸಿದರು, 2008ರಲ್ಲಿ ಶಿಕ್ಷೆಯಾಯಿತು.

ಇದನ್ನು ಇಷ್ಟು ವಿವರವಾಗಿ ಯಾಕೆ ಹೇಳಿದೆ ಅಂದರೆ, ನಾವು ಈ ಕಥೆಗಳನ್ನು ಹೇಳುವಾಗ ಇದೇ ಭಾಗವನ್ನು ಒಂದೇ ಸಾಲಿನಲ್ಲಿ ಮುಗಿಸುತ್ತೇವೆ. ನಾನೇ ಈಗ ಸ್ವಲ್ಪ ಹೊತ್ತಿನ ಹಿಂದೆ ಮುಗಿಸಿದೆನಲ್ಲ, 'ಇಬ್ಬರೂ ಕೊಲೆ ಮಾಡಿ ಬಂದವರು' ಅಂತ? ಆ ಸಾಲು ಕೇಳಿದಾಗ ನಿಮಗೆ ಏನೂ ಆಗಲಿಲ್ಲ. ಉಕ್ಕಿನ ಹಾಳೆ ಕೊಯ್ದದ್ದು ಹೇಳುವಾಗ ನೀವು ಮುಂದಕ್ಕೆ ಬಾಗಿ ಕೇಳುತ್ತಿದ್ದಿರಿ. ಕೊಳವೆಗೆ ಸಿಕ್ಕ ಹೊತ್ತು ಆ ಮುದುಕರಿಗೂ ಸಿಗಬೇಕು. ಆರನೇ ಕಂತು ಆ ಹೊತ್ತನ್ನು ಕೊಡುತ್ತದೆ. ಅವರು ಬಾಗಿಲು ತೆಗೆಯುವುದು, ಗಾಬರಿಯಾಗುವುದು, ದುಡ್ಡಿಲ್ಲ ಅನ್ನುವುದು. ನಮಗೆ ಎದ್ದು ಹೋಗೋಣ ಅನ್ನಿಸುತ್ತದೆ. ಕಥೆ ಬಿಡುವುದಿಲ್ಲ.

ಇಲ್ಲೊಂದು ಆಕ್ಷೇಪ ಬರುತ್ತದೆ. ಇದು ಕುತಂತ್ರ ಅಲ್ವಾ? ಮೊದಲೇ ಹೇಳಬಹುದಿತ್ತಲ್ಲ? ಐದು ಗಂಟೆ ಅವರನ್ನು ಇಷ್ಟಪಡುವ ಹಾಗೆ ಮಾಡಿ, ಆಮೇಲೆ ನೋಡಿ ನೀವು ಎಂಥವರನ್ನು ಇಷ್ಟಪಟ್ಟಿರಿ ಅಂತ ನಮ್ಮ ಮುಖಕ್ಕೆ ಹಿಡಿಯುವುದು ಸರಿಯಾ? ಗೆಳೆಯರೊಬ್ಬರು ನನ್ನ ಜತೆ ಇದೇ ವಿಷಯಕ್ಕೆ ಜಗಳವಾಡಿದ್ದಾರೆ. ನೋಡುವವರನ್ನು ಸಿಕ್ಕಿಸುವುದು ಕಲೆಯಲ್ಲ ಅಂತ ಅವರ ವಾದ.

ನಾನು ಒಪ್ಪುವುದಿಲ್ಲ. ಯಾಕೆ ಅಂದರೆ, ಡ್ಯಾನೆಮೋರಾದಲ್ಲಿ ನಿಜವಾಗಿ ನಡೆದದ್ದು ಇದೇ. ಟಿಲ್ಲಿ ಮುಂದೆ ದಿನಾ ಇದ್ದ ಮ್ಯಾಟ್ ಯಾರು? ಚಿತ್ರ ಬರೆದು ಕೊಡುವ ಮ್ಯಾಟ್. ಅವಳ ಮಾತು ಕೇಳುವ ಮ್ಯಾಟ್. ಅವಳಿಗೆ ಅವನ ಅಪರಾಧ ಗೊತ್ತಿರಲಿಲ್ಲ ಅಂತಲ್ಲ. ಅದು ಒಂದು ಸಾಲಾಗಿ ಗೊತ್ತಿತ್ತು, ಅಷ್ಟೆ. ಕಣ್ಣ ಮುಂದೆ ಇದ್ದದ್ದು ಬೇರೆ. ಪಾಮರ್ ವಿಷಯವೂ ಹಾಗೇ. ಡೇವಿಡ್ ಮಾರಿಸ್ಸಿ ಆ ಪಾತ್ರವನ್ನು ಎಷ್ಟು ಚೆನ್ನಾಗಿ ಮಾಡಿದ್ದಾರೆ ಅಂದರೆ, ಅವನನ್ನು ಕೆಟ್ಟವನು ಅನ್ನಲು ಬಾಯಿ ಬರುವುದಿಲ್ಲ. ಊರಿನ ಒಳ್ಳೆಯ ಮನುಷ್ಯ, ಸಂಗೀತ ಗೊತ್ತಿರುವವನು, ಮ್ಯಾಟ್ ಬರೆದ ಚಿತ್ರಗಳನ್ನು ಖುಷಿಯಿಂದ ಮನೆಗೆ ಒಯ್ಯುವವನು. ಅದಕ್ಕೆ ಬದಲಾಗಿ ಸಣ್ಣಪುಟ್ಟ ಉಪಕಾರ. ಸ್ಕ್ರೂಡ್ರೈವರ್, ಇಕ್ಕಳ, ಒಂದು ಪೊಟ್ಟಣ ಮಾಂಸ. ವರ್ಷಗಟ್ಟಲೆ ಒಂದೇ ಕಟ್ಟಡದಲ್ಲಿ ಕಳೆದರೆ ಕಾವಲಿನವನಿಗೂ ಕೈದಿಗೂ ನಡುವೆ ಸಲಿಗೆ ಬೆಳೆಯುತ್ತದೆ. ಮನುಷ್ಯರು ಹಾಗೇ. ಮ್ಯಾಟ್ ಮತ್ತು ಸ್ವೆಟ್ ಇದ್ದದ್ದು 'ಆನರ್ ಬ್ಲಾಕ್'ನಲ್ಲಿ. ಒಳ್ಳೆಯ ನಡತೆ ಇದ್ದವರಿಗೆ ಅಡುಗೆ ಮಾಡಿಕೊಳ್ಳುವುದಕ್ಕೆ, ಹೆಚ್ಚು ಹೊತ್ತು ಹೊರಗಿರುವುದಕ್ಕೆ ಅವಕಾಶ ಕೊಡುವ ವಿಭಾಗ ಅದು. ಅಂದರೆ ಜೈಲೇ ಅವರನ್ನು ಒಳ್ಳೆಯವರ ಪಟ್ಟಿಯಲ್ಲಿ ಸೇರಿಸಿತ್ತು.

ಮೊದಲ ಐದು ಕಂತು ನಮ್ಮನ್ನು ಟಿಲ್ಲಿಯ ಜಾಗದಲ್ಲಿ, ಪಾಮರ್ ಜಾಗದಲ್ಲಿ ಕೂರಿಸುತ್ತವೆ. ಅಪರಾಧವನ್ನು ಮೊದಲೇ ತೋರಿಸಿಬಿಟ್ಟಿದ್ದರೆ ಏನಾಗುತ್ತಿತ್ತು? 'ಇಂಥವನಿಗೆ ಬ್ಲೇಡ್ ತಂದುಕೊಟ್ಟಳಲ್ಲ, ಎಂಥ ಹೆಂಗಸು' ಅಂತ ನಾವು ಆರಾಮಾಗಿ ಹೇಳಿ ಮುಂದೆ ಹೋಗುತ್ತಿದ್ದೆವು. ನಾವಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ ಅಂತ ನಂಬಿಕೊಳ್ಳುತ್ತಿದ್ದೆವು. ಆದರೆ ಐದು ಗಂಟೆ ನೋಡಿದ ಮೇಲೆ ಆ ಮಾತು ಹೇಳಲು ಆಗುವುದಿಲ್ಲ. ಮ್ಯಾನ್‌ಹೋಲ್ ಮುಚ್ಚಳ ಎದ್ದಾಗ ನಾವೂ ಖುಷಿಪಟ್ಟಿದ್ದೇವೆ. ನಮ್ಮ ಹತ್ತಿರವೂ ಆ ಒಂದು ಸಾಲು ಇತ್ತು, ನಮಗೂ ಅದು ಸಾಲಾಗಿಯೇ ಉಳಿದಿತ್ತು.

ಏಳನೇ ಕಂತಿನಲ್ಲಿ ಓಟ. ಅದರ ಬಗ್ಗೆ ಬೇಗ ಹೇಳುತ್ತೇನೆ. ನಿಜವಾದ ಹುಡುಕಾಟ ಮೂರು ವಾರಕ್ಕೂ ಜಾಸ್ತಿ ನಡೆಯಿತು. ಸಾವಿರಕ್ಕೂ ಹೆಚ್ಚು ಪೊಲೀಸರು, ನಾಯಿಗಳು, ಹೆಲಿಕಾಪ್ಟರ್. ಇಬ್ಬರೂ ಬೇಟೆಗಾರರ ಖಾಲಿ ಗುಡಿಸಲುಗಳಿಗೆ ನುಗ್ಗಿ ಸಿಕ್ಕಿದ್ದು ತಿನ್ನುತ್ತಾ, ಸೊಳ್ಳೆ ಕಚ್ಚಿಸಿಕೊಳ್ಳುತ್ತಾ ಕಾಡಿನಲ್ಲಿ ಅಲೆದರು. ಒಂದು ಗುಡಿಸಲಿನಲ್ಲಿ ಸಿಕ್ಕ ವಸ್ತುಗಳ ಡಿಎನ್‌ಎ ಅವರದೇ ಅಂತ ಗೊತ್ತಾದ ಮೇಲೆ ಜಾಡು ಬಿಗಿಯಾಯಿತು. ಮ್ಯಾಟ್‌ಗೆ ಕುಡಿಯಲು ಸಿಕ್ಕಿತು, ಅವನ ನಡೆ ನಿಧಾನವಾಯಿತು, ಸ್ವೆಟ್ ಅವನನ್ನು ಬಿಟ್ಟು ಹೋದ. ಜೂನ್ 26ರಂದು ಮ್ಯಾಲೋನ್ ಹತ್ತಿರ ಗಡಿ ಪಡೆಯವರ ಗುಂಡಿಗೆ ಮ್ಯಾಟ್ ಸತ್ತ. ಹಿಂದಿನ ದಿನವಷ್ಟೇ ಅವನಿಗೆ 49 ತುಂಬಿತ್ತು. 28ರಂದು ಕಾನ್‌ಸ್ಟಬಲ್ ಅನ್ನುವ ಊರಿನಲ್ಲಿ ರಸ್ತೆ ಬದಿ ಹೋಗುತ್ತಿದ್ದ ಒಬ್ಬನನ್ನು ಜೇ ಕುಕ್ ಅನ್ನುವ ಸಾರ್ಜೆಂಟ್ ಒಬ್ಬರೇ ಕಾರಿನಲ್ಲಿ ಹೋಗುತ್ತಾ ಕಂಡರು. ಮಾತಾಡಿಸಿದರೆ ಓಡಿದ. ಹೊಲ ದಾಟಿ ಮರಗಳ ಸಾಲು ಸೇರುವ ಮುಂಚೆ ಎರಡು ಗುಂಡು ಹೊಡೆದು ಹಿಡಿದರು. ಅದು ಸ್ವೆಟ್. ಕೆನಡಾ ಗಡಿ ಅಲ್ಲಿಂದ ಮೂರು ಕಿಲೋಮೀಟರ್ ಆಸುಪಾಸು.

ಈ ಕಂತು ನೋಡುವಾಗ ನನಗೆ ಗೊತ್ತಾದದ್ದು ಏನೆಂದರೆ, ಈಗ ನನ್ನ ಕಣ್ಣು ಬೇರೆ ಕಡೆಗೆ ಹೋಗುತ್ತಿತ್ತು. ಐದನೇ ಕಂತಿನ ಕಣ್ಣಾಗಿದ್ದರೆ ಗಡಿ ಇನ್ನೆಷ್ಟು ದೂರ ಅಂತ ಎಣಿಸುತ್ತಿದ್ದೆ. ಈಗ ಗುಡಿಸಲಿನ ಬಾಗಿಲು ಕಂಡಾಗಲೆಲ್ಲ ಒಳಗೆ ಯಾರೂ ಇಲ್ಲದಿರಲಿ ಅನ್ನಿಸುತ್ತಿತ್ತು. ರಸ್ತೆಯಲ್ಲಿ ಒಬ್ಬಂಟಿ ಪೊಲೀಸ್ ಕಾರು ನಿಂತಾಗ ಟಾರ್ಸಿಯಾ ಅವರ ಕಾರು ನಿಂತದ್ದು ನೆನಪಾಗುತ್ತಿತ್ತು. ಒಬ್ಬಂಟಿ ಅಧಿಕಾರಿ, ಅನುಮಾನ, ಮಾತಾಡಿಸಲು ಹೋಗುವುದು. 2002ರಲ್ಲಿ ನಡೆದದ್ದೂ ಅದೇ ತಾನೇ? ಈ ಸಲ ಅಧಿಕಾರಿ ಮನೆಗೆ ವಾಪಸ್ ಹೋದರು. ಆರನೇ ಕಂತು ಇಲ್ಲದಿದ್ದರೆ ಆ ನೆನಪು ನಮಗೆ ಬರುತ್ತಲೇ ಇರಲಿಲ್ಲ.

ಆಮೇಲೆ ಏನಾಯಿತು ಅಂತ ಕೇಳುವವರಿಗಾಗಿ. 2016ರ ಜೂನ್‌ನಲ್ಲಿ ರಾಜ್ಯದ ಇನ್ಸ್‌ಪೆಕ್ಟರ್ ಜನರಲ್ ತನಿಖಾ ವರದಿ ಬಂತು. ರಾತ್ರಿ ಎಣಿಕೆಯನ್ನು ಸರಿಯಾಗಿ ಮಾಡುತ್ತಿರಲಿಲ್ಲ, ಸೆಲ್‌ಗಳನ್ನು ಸರಿಯಾಗಿ ಹುಡುಕುತ್ತಿರಲಿಲ್ಲ ಅಂತ ಅದರಲ್ಲಿ ನೇರವಾಗಿಯೇ ಇದೆ. ಹಾಸಿಗೆಯಲ್ಲಿ ಉಸಿರಾಡುವ ಮನುಷ್ಯ ಇದ್ದಾನಾ ಅಂತ ಒಬ್ಬರು ಬಗ್ಗಿ ನೋಡಿದ್ದರೆ ಸ್ವೆಟ್ ಆವತ್ತೇ ಸಿಕ್ಕಿಬೀಳುತ್ತಿದ್ದ. ಪಾಮರ್‌ಗೆ ಆರು ತಿಂಗಳ ಜೈಲು. ಟಿಲ್ಲಿಗೆ ಏಳು ವರ್ಷದವರೆಗಿನ ಶಿಕ್ಷೆ, 2020ರಲ್ಲಿ ಹೊರಬಂದಳು. ಸ್ವೆಟ್ ಒಳಗೇ ಇದ್ದಾನೆ.

ಟಿಲ್ಲಿ ವಿಷಯದಲ್ಲಿ ಮಾತ್ರ ಈ ಕಂತಿನ ಮೇಲೆ ನನಗೆ ಒಂದು ದೊಡ್ಡ ತಕರಾರು ಇದೆ. ಆರನೇ ಕಂತು ಇಬ್ಬರ ಕೊಲೆಗಳ ಜತೆಗೇ ಟಿಲ್ಲಿಯ ಹಳೆಯ ದಿನಗಳನ್ನೂ ತೋರಿಸುತ್ತದೆ. ಹಿಂದಿನ ಮದುವೆ ಮುರಿದು ಲೈಲ್ ಕಡೆಗೆ ಬಂದ ಕಥೆ. ಪೆಟ್ರೀಷಿಯಾ ಆರ್ಕೆಟ್ ಅಭಿನಯಕ್ಕೆ ಗೋಲ್ಡನ್ ಗ್ಲೋಬ್ ಬಂತು, ಬರಲೇಬೇಕಿತ್ತು. ಆದರೆ ಪಕ್ಕಪಕ್ಕದಲ್ಲಿ ಇಟ್ಟಾಗ ಏನು ಅರ್ಥ ಬರುತ್ತದೆ ನೋಡಿ. ಒಬ್ಬ ಪೊಲೀಸನನ್ನು ಕೊಂದ, ಇನ್ನೊಬ್ಬ ಮುದುಕನನ್ನು ಹಿಂಸಿಸಿ ಕೊಂದ, ಇವಳು ಗಂಡನನ್ನು ಬಿಟ್ಟಳು. ಮೂರೂ ಒಂದೇ ತಕ್ಕಡಿಗೆ ಬಂದುಬಿಡುತ್ತವೆ. ಜೈಲಿನಲ್ಲಿ ಅವಳು ಮಾಡಿದ್ದು ದೊಡ್ಡ ಅಪರಾಧವೇ, ಅದಕ್ಕೆ ಶಿಕ್ಷೆಯೂ ಆಯಿತು. ಮದುವೆ ಮುರಿಯುವುದು ಅಪರಾಧ ಅಲ್ಲ. ಇನ್ನೊಂದು ಮಾತೂ ಇದೆ. ಸ್ವೆಟ್ ಜತೆ ದೈಹಿಕ ಸಂಬಂಧ ಇರಲೇ ಇಲ್ಲ, ಮ್ಯಾಟ್ ತನ್ನನ್ನು ಹೆದರಿಸಿ ಬಳಸಿಕೊಂಡ ಅಂತ ನಿಜವಾದ ಟಿಲ್ಲಿ ಹೇಳಿದ್ದಾಳೆ. ಧಾರಾವಾಹಿ ಇಬ್ಬರ ಜತೆಗೂ ಅವಳ ಇಷ್ಟದ ಸಂಬಂಧ ಅಂತಲೇ ತೋರಿಸಿತು. ಸತ್ತವರಿಗೆ ನ್ಯಾಯ ಕೊಡಲು ಅಷ್ಟು ಹೊತ್ತು ನಿಂತ ಕಂತು, ಬದುಕಿರುವ ಒಬ್ಬಳ ಮಾತಿಗೆ ಸ್ವಲ್ಪ ಜಾಗ ಕೊಡಬಹುದಿತ್ತು. ಇದೇ ಕಂತನ್ನು ನಾನು ಇಷ್ಟೊತ್ತು ಹೊಗಳಿದೆ, ಆ ಹೊಗಳಿಕೆ ವಾಪಸ್ ತೆಗೆದುಕೊಳ್ಳುವುದಿಲ್ಲ. ಆದರೆ ನೀವು ನೋಡುವಾಗ ಟಿಲ್ಲಿಯ ಆ ದೃಶ್ಯಗಳಲ್ಲಿ ಸ್ವಲ್ಪ ತಡೆದು ನೋಡಿ. ಅಲ್ಲಿ ಕಥೆ ಅವಳ ಬಗ್ಗೆ ತೀರ್ಪು ಕೊಡುತ್ತಿದೆ, ಆ ತೀರ್ಪನ್ನು ನೀವು ಒಪ್ಪಲೇಬೇಕು ಅಂತೇನಿಲ್ಲ.